ಆಯಿ ಆರಿಸಿದ ಸ್ಕ್ರೂಡ್ರೈವರ್

ನಾಶಿಕ್‌ನ ನಮ್ಮ ಮನೆಯ ಕಂಪ್ಯೂಟರ್ ಒಂದು ದಿನ ಬೆಳಿಗ್ಗೆ ಮೂರು ಸಲ ಕೀಂಯ್ ಅಂದು ಸುಮ್ಮನಾಯಿತು. ರಿಪೇರಿಯವನು ಬಂದ, ಡಬ್ಬ ಬಿಚ್ಚಿದ, ಒಳಗಿನ ಒಂದು ಹಸಿರು ಪಟ್ಟಿ ಕಿತ್ತು ಅದರ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಿದ. ಕಂಪ್ಯೂಟರ್ ಶುರುವಾಯಿತು. ಅವನಿಗೆ ಕೊಟ್ಟ ಚಹಾ ಇನ್ನೂ ಬಿಸಿಯಾಗಿಯೇ ಇತ್ತು. ಹಿಂದೆ ನಿಂತು ಎಲ್ಲ ನೋಡಿದ ನನಗೆ, ಅಯ್ಯ, ಇಷ್ಟೇನಾ ಅನ್ನಿಸಿತು.

ಆಮೇಲೆ ಎರಡು ತಿಂಗಳು ಸಿಕ್ಕಸಿಕ್ಕ ವಿಡಿಯೊಗಳನ್ನೆಲ್ಲ ನೋಡಿದೆ. ಮಿಕ್ಸರ್ ಬಿಚ್ಚುವ ಹಳೇ ಸ್ಕ್ರೂಡ್ರೈವರಿನಿಂದಲೇ ಮನೆಯ ಕಂಪ್ಯೂಟರನ್ನು ಎರಡು ಸಲ ಬಿಚ್ಚಿ ಜೋಡಿಸಿದೆ. ಧೈರ್ಯ ಬಂದಮೇಲೆ ಒಂದು ಟೂಲ್ ಕಿಟ್ ತರಿಸಿದೆ. ನೂರಕ್ಕೂ ಹೆಚ್ಚು ತುದಿಗಳು, ಒಂದೊಂದಕ್ಕೂ ಒಂದೊಂದು ಗೂಡು, ಆಭರಣದ ಪೆಟ್ಟಿಗೆಯ ಹಾಗೆ ಮುಚ್ಚಳ. ಹಿಡಿ ಮಾತ್ರ ಒಂದೇ. ಬೇಕಾದ ತುದಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳಬೇಕು. ನನ್ನ ಗಂಡ ಅದನ್ನು ನೋಡಿ, “ಯಾಕ, ಇನ್ನ ಮ್ಯಾಲ ವಿಮಾನ ರಿಪೇರಿ ಮಾಡಾಕಿ ಏನು?” ಅಂದರು. ಅವರ ಮಾತಿಗೆ ನಾನು ಕಿವಿಗೊಡಲಿಲ್ಲ. ಪೆಟ್ಟಿಗೆಯ ಫೋಟೊ ತೆಗೆದು ಸಂಭಾಜಿನಗರದಲ್ಲಿರುವ ಅಕ್ಕನಿಗೆ ಕಳಿಸಿದೆ. ತಪ್ಪು ಮಾಡಿದ್ದು ಅಲ್ಲೇ.

ಅಕ್ಕ ಮನೆಯಲ್ಲೇ ಬ್ಲೌಸಿಗೆ ಮಷಿನ್ ಕಸೂತಿ ಹಾಕಿಕೊಡುತ್ತಾಳೆ. ಡಿಸೈನ್ ಮಾಡುವುದಕ್ಕೆ ಹೊಸ ಕಂಪ್ಯೂಟರ್ ಬೇಕೆಂದು ಬಿಡಿ ಭಾಗಗಳನ್ನು ತಂದಿಟ್ಟುಕೊಂಡಿದ್ದಳು. ಫೋಟೊ ನೋಡಿದ್ದೇ ತಡ, ಜೋಡಿಸಲು ಹೇಳಿದ್ದವನನ್ನು ಬರಬೇಡ ಅಂದಳು. “ನೀನೇ ಬಾ, ನಮ್ಮ ತಂಗೀನೇ ಜೋಡಸ್ತಾಳಂತ ಓಣಿಗೆಲ್ಲ ಹೇಳೀನಿ,” ಎಂದಳು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಯೇವಲಾ ದಾಟುವವರೆಗೂ ನಾನು ಬಹಳ ದೊಡ್ಡ ಇಂಜಿನಿಯರ್. ವೈಜಾಪುರ ಬಂದಾಗ ಫೋನ್ ತೆಗೆದು, ಜೋಡಿಸುವ ವಿಡಿಯೊವನ್ನು ಮತ್ತೆ ಮೊದಲಿನಿಂದ ನೋಡತೊಡಗಿದೆ.

ಅಕ್ಕನ ಮನೆಯಲ್ಲಿ ಅವಳ ಅತ್ತೆ ಇದ್ದಾರೆ. ಎಲ್ಲರೂ ಅವರನ್ನು ಆಯಿ ಅನ್ನುತ್ತೇವೆ. ಕಲಬುರಗಿ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದು, ಸರ್ಕಾರಿ ದವಾಖಾನೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ನಾನು ನೆಲದ ಮೇಲೆ ಸಾಮಾನು ಹರಡಿ ಕೂತಾಗ ಅವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಪರೀಕ್ಷೆಗೆ ಕೂತ ಹಾಗಾಯಿತು ನನಗೆ.

ಅರ್ಧ ಗಂಟೆ ಎಲ್ಲ ಸುಸೂತ್ರ. ಆಮೇಲೆ ಡಬ್ಬದೊಳಗಿನ ಫ್ಯಾನಿನ ಪಕ್ಕದ ಆಳದ ಸ್ಕ್ರೂ ಬಿಗಿಯುವಾಗ ಕಿಟ್ಟಿನ ಗಿಡ್ಡ ಹಿಡಿ ತಳ ಮುಟ್ಟಲೊಲ್ಲದು. ಒತ್ತಿದೆ. ತುದಿ ಹಿಡಿಯಿಂದ ಕಳಚಿ ಸಂದಿಯಲ್ಲೇ ಉಳಿಯಿತು. ಬೆರಳು ಹೋಗಲಿಲ್ಲ. ಕಿಟ್ಟಿನಲ್ಲಿದ್ದ ಚಿಮಟ ಹಾಕಿದೆ. ಹಿಡಿದಷ್ಟೂ ಜಾರಿತು. ಬೆವರು ಕಣ್ಣಿಗಿಳಿಯಿತು. ಅಕ್ಕ ಬಾಗಿಲಲ್ಲಿ ನಿಂತು, “ಆ ಜೋಡಸೂ ಮನಷ್ಯಾನ್ನೇ ಕರೀಲೇನು?” ಅಂದಳು.

ಆಯಿ ಕೈ ಚಾಚಿದರು. “ಆ ಚಿಮಟಾ ಕೊಡಿಲ್ಲಿ.” ಕಿಟಕಿಯ ಬೆಳಕಿಗೆ ಹಿಡಿದು ಒತ್ತಿ ನೋಡಿದರು. “ತುದಿಗೆ ತುದಿ ಕೂಡೂದೇ ಇಲ್ಲಲ್ಲವ್ವಾ ಇದು. ಕತ್ರಿ ಹಾಕಿಕೊಂಡು ಕುಂತದ. ಇಷ್ಟೊಂದು ಸಾಮಾನ ಯಾಕ ತಂದಿ?”

“ಎಲ್ಲಾ ಬೇಕಾಗ್ತಾವಂತ ತಂದೀನ್ರಿ ಆಯಿ.”

“ಈಗ ಎಷ್ಟು ಬಳಸೀದಿ?”

ಎರಡು ಅಂದೆ. ಅವರು ಎದ್ದು ಚಪ್ಪಲಿ ಹಾಕಿಕೊಂಡರು. “ನಡಿ, ಪ್ಯಾಟಿಗಿ ಹೋಗೂಣು.”

ಗುಲ್ಮಂಡಿಯ ಹತ್ತಿರದ ಒಂದು ಸಣ್ಣ ಅಂಗಡಿಗೆ ಹೋದೆವು. ರಿಪೇರಿ ಸಾಮಾನಿನ ಅಂಗಡಿ. ಅಂಗಡಿಯವನು ನಮ್ಮನ್ನು ನೋಡಿ ಕುಕ್ಕರ್ ಗ್ಯಾಸ್ಕೆಟ್ ಮುಂದಿಟ್ಟ. ಆಯಿ ಅದನ್ನು ಬದಿಗೆ ಸರಿಸಿ, ಉದ್ದ ಸ್ಕ್ರೂಡ್ರೈವರುಗಳನ್ನೆಲ್ಲ ತೆಗೆಸಿದರು. ಒಂದೊಂದನ್ನೂ ಗಾಜಿನ ಮೇಲೆ ಉರುಳಿಸಿದರು. ತೊಯ್ದಾಡಿದ್ದು ಆ ಕಡೆ, ನೆಟ್ಟಗೆ ಉರುಳಿದ್ದು ಈ ಕಡೆ. ಆಮೇಲೆ ಬಾಟಲಿಯ ನೀರಿನಿಂದ ನನ್ನ ಅಂಗೈ ಒದ್ದೆ ಮಾಡಿ, “ಈಗ ಹಿಡಿ. ಜಾರತದೇನು?” ಅಂದರು. ಜಾರಿದ್ದೂ ಆ ಕಡೆ ಹೋಯಿತು. ಉಳಿದ ಮೂರರಲ್ಲಿ ಅಯಸ್ಕಾಂತದ ತುದಿಯದು ಯಾವುದೆಂದು ನಾನು ಕೇಳಿದೆ. ಅಂಗಡಿಯವನು ಒಂದು ಸ್ಕ್ರೂ ಅಂಟಿಸಿ ತೋರಿಸಿದ. ಆಯಿ ಅವನ ಕೈಯಿಂದ ತೆಗೆದುಕೊಂಡು ಜೋರಾಗಿ ಒಮ್ಮೆ ಅಲ್ಲಾಡಿಸಿದರು. ಸ್ಕ್ರೂ ಬೀಳಲಿಲ್ಲ.

ಅಂಗಡಿಯವನು ನಗುತ್ತ ಮರಾಠಿಯಲ್ಲಿ, “ಆಜಿ, ಇಷ್ಟು ನೋಡಿ ಯಾರೂ ಸೊಸೇನೂ ತರೂದಿಲ್ಲ,” ಅಂದ. ಆಯಿಯೂ ಮರಾಠಿಯಲ್ಲೇ, “ಸೊಸೆ ಕೈ ಜಾರಿ ಒಳಗ ಬೀಳೂದಿಲ್ಲಪ್ಪಾ,” ಅಂದರು.

ಕೊನೆಗೆ ತಂದದ್ದು ಉದ್ದನೆಯ ಸ್ಕ್ರೂಡ್ರೈವರ್ ಒಂದು, ಅದರದೇ ಸಣ್ಣ ತಂಗಿಯಂಥದು ಇನ್ನೊಂದು, ತುದಿ ಕೂಡುವ ಚಿಮಟ, ಧೂಳು ತೆಗೆಯುವ ಮೆತ್ತನೆ ಬ್ರಶ್. ಅಷ್ಟೇ.

ಮನೆಗೆ ಬಂದು ಉದ್ದನೆಯದನ್ನು ಸಂದಿಯಲ್ಲಿ ಇಳಿಸಿದೆ. ಟಕ್ ಅಂತ ಸದ್ದಾಯಿತು. ಸಿಕ್ಕಿಬಿದ್ದಿದ್ದ ತುದಿ ಅದಕ್ಕೆ ಅಂಟಿಕೊಂಡು ಮೇಲೆ ಬಂತು. ಅಕ್ಕ ಚಪ್ಪಾಳೆ ತಟ್ಟಿದಳು. ಆಯಿಗೆ ಅಷ್ಟು ಸಾಲದು. “ಎಲ್ಲಾ ಬಿಚ್ಚು. ಮೊದಲಿಂದ ಮಾಡೂಣು,” ಎಂದು ಬಿಳಿ ಬಟ್ಟೆ ಹಾಸಿ, ಸ್ಕ್ರೂಗಳನ್ನು ಅಳತೆಯ ಪ್ರಕಾರ ಸಾಲಾಗಿ ಇಟ್ಟು ಎಣಿಸಿದರು. ಇಪ್ಪತ್ತಾರು. ನಾನು ಕೈ ಚಾಚಿದಾಗೆಲ್ಲ ಬೇಕಾದದ್ದನ್ನು ಅಂಗೈಯಲ್ಲಿ ಇಡುತ್ತಿದ್ದರು. ಬರಬರುತ್ತಾ ನಾನು ಕೇಳುವುದೂ ನಿಂತಿತು. ಇಷ್ಟು ಚಂದದ ಕೆಲಸ ನಾನು ಆವರೆಗೆ ಮಾಡಿರಲಿಲ್ಲ.

ಎಲ್ಲ ಕೂರಿಸಿ ಡಬ್ಬದ ಮುಚ್ಚಳ ಎತ್ತಿಕೊಂಡೆ.

“ನಿಲ್ಲು. ಮುಚ್ಚೂಕಿಂತ ಮೊದಲ ಎಣಿಸು.”

ಒಳಗೆ ಹಾಕಿದ್ದು ಹದಿನೇಳು, ಮುಚ್ಚಳಕ್ಕೆಂದು ಬಟ್ಟೆಯ ಮೇಲೆ ಉಳಿದದ್ದು ಎಂಟು. ಮತ್ತೆ ಎಣಿಸಿದೆ. ಇಪ್ಪತ್ತೈದೇ.

“ಒಂದು ಸ್ಕ್ರೂ ಆಯಿ, ಎಲ್ಲೋ ಮಂಚದ ಕೆಳಗ ಹೋಗಿರಬೇಕ್ರಿ,” ಅಂದೆ. ನನಗೆ ಹಸಿವಾಗಿತ್ತು. ಅಕ್ಕ ಜೋಳದ ರೊಟ್ಟಿ ಬಡಿಯುವ ಸದ್ದು ಬೇರೆ ಕೇಳುತ್ತಿತ್ತು.

“ಥಿಯೇಟರಿನ್ಯಾಗ ಹೀಂಗಂದ್ರ ನಡೀತದೇನು? ಕತ್ರಿ, ಚಿಮಟಾ ಎಲ್ಲಾದರ ಲೆಕ್ಕ ಕೂಡೂತನಾ ಹೊಲಿಗಿ ಹಾಕತಿದ್ದಿಲ್ಲ. ಎಂಥಾ ದೊಡ್ಡ ಡಾಕ್ಟರ್ ಇದ್ರೂ ನಿಂದ್ರತಿದ್ರು.” ದನಿ ಏರಿಸಲಿಲ್ಲ. ಏರಿಸಿದ್ದರೆ ನಾನು ವಾದ ಮಾಡುತ್ತಿದ್ದೆನೋ ಏನೋ.

ಬ್ಯಾಟರಿ ಹಿಡಿದು ಒಳಗೆಲ್ಲ ನೋಡಿದೆ. ಕಾಣಲಿಲ್ಲ. ಆಯಿ ಡಬ್ಬವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಓರೆ ಮಾಡಿದರು. ಕಿಣಿ ಅಂತು. ಮುಖ್ಯ ಬೋರ್ಡಿನ ಅಡಿಯಲ್ಲಿ! ಹಾಗೇ ಸ್ವಿಚ್ ಒತ್ತಿದ್ದರೆ ಬೋರ್ಡು ಸುಟ್ಟುಹೋಗಬಹುದಿತ್ತು. ಬೋರ್ಡನ್ನು ಮತ್ತೆ ಸಡಿಲಿಸಿ, ಹೊಸ ಚಿಮಟವನ್ನು ಆಯಿಯ ಕೈಗೇ ಕೊಟ್ಟೆ. ಎಪ್ಪತ್ತು ದಾಟಿದ ಕೈ ಒಂದಿಷ್ಟೂ ನಡುಗಲಿಲ್ಲ. ಸ್ಕ್ರೂ ಹೊರಗೆ ಬಂತು. “ಇಪ್ಪತ್ತಾರು,” ಅಂದರು. ಆಮೇಲೆ ಮುಚ್ಚಿದೆವು.

ಮೊದಲ ಸಲಕ್ಕೇ ಕಂಪ್ಯೂಟರ್ ಶುರುವಾಯಿತು. ಅಕ್ಕ ನವಿಲಿನ ಡಿಸೈನ್ ತೆರೆದು ಓಣಿಯವರನ್ನೆಲ್ಲ ಕರೆದಳು. ಜೋಡಿಸಿದವಳು ನಾನೇ ಎಂದು ಅವಳು ಹೇಳುವಾಗ ಆಯಿ ಒಳಗೆ ಕೈ ತೊಳೆಯುತ್ತಿದ್ದರು, ಮೊಣಕೈವರೆಗೆ, ಸಾವಕಾಶವಾಗಿ.

ಮುಂದಿನ ತಿಂಗಳು ಅವರು ನಾಶಿಕ್‌ಗೆ ಬಂದಾಗ ದಪ್ಪ ಹಸಿರು ಬಟ್ಟೆಯ ಒಂದು ಸುರುಳಿ ತಂದರು. ತಾವೇ ಹೊಲಿದದ್ದು. ಬಿಚ್ಚಿದರೆ ಒಳಗೆ ಸಾಲಾಗಿ ಐದು ಜೇಬು. “ನಾಕು ಸಾಮಾನದವ, ಐದು ಯಾಕ್ರಿ ಆಯಿ?” ಅಂದೆ.

“ಕೆಲಸ ಮಾಡಕೋತ ಹೋದ್ರ ಇನ್ನೊಂದು ಯಾವದು ಬೇಕಂತ ನಿನಗೇ ತಿಳೀತದ. ಆಮ್ಯಾಲ ತಗೋ.”

ಆ ಜೇಬಿಗೆ ಏನು ಹಾಕಬೇಕೆಂದು ತಿಳಿಯಲು ನನಗೆ ಮಳೆಗಾಲವೆಲ್ಲ ಬೇಕಾಯಿತು. ಇಗತಪುರಿಯ ಗೆಳತಿಯೊಬ್ಬಳ ಲ್ಯಾಪ್‌ಟಾಪ್ ತೇವ ಹಿಡಿದು ನಿಂತಿದೆಯೆಂದು ಬಿಚ್ಚಲು ಹೋದವಳು, ಅವರ ಮನೆಯ ಮಬ್ಬು ಬೆಳಕಿನಲ್ಲಿ ಒಂದು ಸ್ಕ್ರೂನ ಗುರುತೂ ಕಾಣದೆ ಕೂತುಬಿಟ್ಟೆ. ಮರುದಿನವೇ ಹಣೆಗೆ ಕಟ್ಟಿಕೊಳ್ಳುವ ಒಂದು ಸಣ್ಣ ದೀಪ ಕೊಂಡೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹಣೆಗೆ ಕಟ್ಟಿಕೊಂಡು, ತಲೆ ಬಗ್ಗಿಸಿ, ಜಾರುತ್ತದೋ ಇಲ್ಲವೋ ನೋಡಿದೆ.