ಗಿರಿಜಮ್ಮನ ದನಿಯಲ್ಲಿ ಬಂದ ಸುಳ್ಳು

ನಮ್ಮೂರಿನ ಅಂಗನವಾಡಿ ಟೀಚರ್ ಗಿರಿಜಮ್ಮ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗಲೇ ನನ್ನ ಫೋನಿನಲ್ಲಿ ಅವರ ದನಿ ಕೇಳಿಸಿತು: "ನಾಳೆ ನಮ್ಮ ಬೂತಲ್ಲಿ ಓಟಿಂಗ್ ಇಲ್ಲ, ಮುಂದಕ್ಕೆ ಹಾಕಿದ್ದಾರೆ. ಯಾರೂ ಬರಬೇಡಿ." ತೂಬಗೆರೆ ಪಕ್ಕದ ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿದ್ದ ಸಂದೇಶವದು. ಕಳಿಸಿದ ನಂಬರ್ ಬೇರೆ ಯಾವುದೋ ದೇಶದ್ದು.

ಗಿರಿಜಮ್ಮ ಲೋಟ ಕೆಳಗಿಟ್ಟು, ಮತ್ತೊಮ್ಮೆ ಹಾಕಿಸಿ ಕೇಳಿದರು. "ದನಿ ನಂದೇ ಕಣಮ್ಮ. ಆದ್ರೆ ನಾನು ಹೇಳೇ ಇಲ್ವಲ್ಲ! ಎಲ್ಲಿಂದ ತಗೊಂಡ್ರು?" ಅವರಿಗೆ ಕೋಪಕ್ಕಿಂತ ಅಚ್ಚರಿಯೇ ಹೆಚ್ಚಾಗಿತ್ತು. ಮಕ್ಕಳಿಗೆ ಹಾಡು ಕಲಿಸುವ ಅವರ ವಿಡಿಯೊಗಳು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತವೆ ಎಂಬುದು ಆಮೇಲೆ ನೆನಪಾಯಿತು. ಅವುಗಳಿಂದ ದನಿ ತೆಗೆದು ಯಾರೋ ಕಂಪ್ಯೂಟರಿನಲ್ಲಿ ನಕಲು ಮಾಡಿರಬೇಕು.

ಚುನಾವಣಾ ಅಧಿಕಾರಿಗಳಿಗೆ ಕೂಡಲೇ ತಿಳಿಸಿದೆವು. "ಊರೋರಿಗೆ ಫೋನಲ್ಲಿ ಹೇಳಿದ್ರೆ ಈಗ ಯಾರು ನಂಬ್ತಾರೆ?" ಎಂದು ಗಿರಿಜಮ್ಮ ಮನೆಮನೆಗೂ ಹೊರಟರು. ನಾನೂ ಜೊತೆಗೆ ಹೋದೆ. ಎದುರಿಗೆ ನಿಂತು ಹೇಳಿದ ಮೇಲೆ ಜನ ನಂಬಿದರು. ಮರುದಿನ ಬೆಳಿಗ್ಗೆಯೇ ಬೂತಿನ ಮುಂದೆ ಉದ್ದದ ಸಾಲಿತ್ತು.

ಈಗ ಯಾರ ದನಿಯಲ್ಲಿ ಏನೇ ಬಂದರೂ, ಅವರಿಗೇ ಫೋನ್ ಮಾಡಿ ಕೇಳದೆ ನಾನು ಇನ್ನೊಬ್ಬರಿಗೆ ಕಳಿಸುವುದಿಲ್ಲ. ಅವತ್ತಿನ ಆ ಸುಳ್ಳು ಸಂದೇಶ ಕಳಿಸಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ನಾವು ಓಟು ಹಾಕದಿದ್ದರೆ ಅಷ್ಟು ದೂರದವರಿಗೆ ಏನು ಲಾಭವಿತ್ತೋ!