ನಿಂತ ಗೆರೆಯ ಕಂಬಳಿ

ಅಮೆರಿಕದ ಹ್ಯೂಸ್ಟನ್ ಹತ್ತಿರದ ಕೇಟಿ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ, ಆಫ್ರಿಕಾದ ಲೆಸೋತೊ ಎಂಬ ಬೆಟ್ಟದ ದೇಶದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ ಬಂದವರು. ಎಸಿ ಇರುವ ಕಡೆಗೆಲ್ಲ ಅಲ್ಲಿಯ ಬಸೋತೊ ಜನರ ಉಣ್ಣೆಯ ಕಂಬಳಿಯನ್ನು ಸೀರೆಯ ಮೇಲೆ ಹೊದ್ದು, ಎದೆಯ ಹತ್ತಿರ ದೊಡ್ಡ ಪಿನ್ನು ಚುಚ್ಚಿಕೊಂಡು ಬರುತ್ತಿದ್ದರು. ಜನ ತಿರುಗಿ ನೋಡಿದರೆ ಅವರಿಗೇನೂ ಅನಿಸುತ್ತಿರಲಿಲ್ಲ.

ಹ್ಯೂಸ್ಟನ್ ಚಪ್ಪಟೆಯಾಗಿದೆ ಎಂಬುದೊಂದೇ ಅವರ ತಕರಾರು. ಕಾರು ಎತ್ತರದ ಫ್ಲೈಓವರ್ ಹತ್ತಿದಾಗ ಮಾತ್ರ ಖುಷಿಯಿಂದ ಕೆಳಗೆ ನೋಡುತ್ತ "ಸ್ವಲ್ಪ ನಿಧಾನ ಹೋಗ್ರಿ" ಎನ್ನುತ್ತಿದ್ದರು. ಲೆಸೋತೊದಲ್ಲಿ ಮಕ್ಕಳು ಹಿಮ ಬಿದ್ದ ಬೆಟ್ಟದಿಂದ ಕುದುರೆಯ ಮೇಲೆ ಶಾಲೆಗೆ ಇಳಿದು ಬರುವಾಗ, ಮುಖ ಕಾಣುವ ಮೊದಲೇ ಇವರು ಕಂಬಳಿ ನೋಡಿ ಹಾಜರಿ ಹಾಕುತ್ತಿದ್ದರಂತೆ.

ನಮಗೂ ಒಂದು ಕಂಬಳಿ ಕೊಟ್ಟಿದ್ದರು. ನಾವು ಅದನ್ನು ಗೆರೆ ಅಡ್ಡ ಬರುವಂತೆ ಸೋಫಾದ ಮೇಲೆ ಹಾಸಿದ್ದೆವು. ಬಂದಾಗಲೆಲ್ಲ ಅದನ್ನು ತಿರುಗಿಸಿ ಹಾಸಿಯೇ ಅವರು ಕೂರುತ್ತಿದ್ದರು.

"ಗೆರಿ ನಿಂತಿರಬೇಕ್ರಿ. ಅಡ್ಡ ಹೊಚ್ಕೊಂಡ್ರ ಮನಷ್ಯಾ ಬೆಳ್ಯಾಂಗಿಲ್ಲ ಅಂತಾರ ಅಲ್ಲಿ ಮಂದಿ."

ಕೊನೆಯ ಸಲ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಆಗಲೇ ಅವರ ಕಣ್ಣು ಮಂಜಾಗಿತ್ತು. ನರ್ಸ್ ಅವರದೇ ಕಂಬಳಿ ಹೊದಿಸಿ ಹೋಗಿದ್ದಳು, ಗೆರೆಗಳು ಅಡ್ಡವಾಗಿದ್ದವು.

"ಗೆರಿ ನಿಂತಾವೇನ್ರಿ?" ಎಂದು ಕೇಳಿದರು.

"ನಿಂತಿವೆ ಆಂಟಿ" ಎಂದೆ. ಆಮೇಲೆ ಸದ್ದಾಗದಂತೆ ಎದ್ದು ಕಂಬಳಿ ತಿರುಗಿಸತೊಡಗಿದೆ.

ಅವರು ಕಣ್ಣು ತೆರೆಯದೆ ಹೇಳಿದರು: "ಮೊದಲ ಲೆಕ್ಕಾ ಮಾಡ್ರಿ. ಆಮ್ಯಾಲ ಉತ್ತರಾ ಹೇಳ್ರಿ."