ಡಾಕ್ಟರಮ್ಮನ ಬಾಗಿದ ಹಲಗೆಗಳು

ನಮ್ಮ ಚಿಕ್ಕಪ್ಪ ಕೊಂಡಪ್ಪನಷ್ಟು ಹಟಮಾರಿ ಬಡಗಿ ದೇವನಹಳ್ಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಎರಡು ಹಲಗೆ ಹೆರೆದರೆ ಮುಖಕ್ಕೆ ಮುಖ ಜೋಡಿಸಿ ಸೂರ್ಯನಿಗೆ ಹಿಡಿಯುತ್ತಿದ್ದ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಕೆಲಸ ಕೆಟ್ಟಿತೆಂದೇ ಅವನ ಲೆಕ್ಕ. ಮೂವತ್ತು ವರ್ಷ ಅವನ ಕೆಲಸದಲ್ಲಿ ಯಾರೂ ಕೊಂಕು ತೆಗೆದಿರಲಿಲ್ಲ. ಆ ಹೆಮ್ಮೆಯೇ ಮುಳುವಾಯಿತು. ಈ ಕಥೆಯನ್ನು ಸಾಯುವ ಮುಂಚೆ ಅವನೇ ನನಗೆ ಹೇಳಿದ್ದು. ನನಗಿನ್ನೂ ಅವನ ಮೇಲೆ ಸಿಟ್ಟು ಇಳಿದಿಲ್ಲ.

ಕೋಟೆಯ ಹೊರಗಿನ ಬಂಗಲೆಯಲ್ಲಿ ನಾರ್ವೆ ದೇಶದ ಮುದುಕಿಯೊಬ್ಬರಿದ್ದರು. ಊರಿಗೆಲ್ಲ ಮದ್ದು ಕೊಡುತ್ತಿದ್ದರಿಂದ ಡಾಕ್ಟರಮ್ಮ. ಅವರ ಒಬ್ಬನೇ ಮಗ ನಿಲ್ಸ್ ೧೯೪೦ರಲ್ಲಿ ಯುದ್ಧಕ್ಕೆ ಹೋಗುವಾಗ, ನಾರ್ವೆಯಲ್ಲಿ ಓದುವಾಗ ಮಾಡಿಸಿಕೊಂಡಿದ್ದ, ಹಿಮದ ಮೇಲೆ ಜಾರುವ ತನ್ನ ಉದ್ದನೆಯ ಮರದ ಸ್ಕೀಗಳನ್ನು ತಾಯಿಗೆ ಒಪ್ಪಿಸಿ, ತಾನು ಬರುವವರೆಗೆ ಹೀಗೇ ಇರಲಿ ಎಂದಿದ್ದ. ಅವನ್ನು ನೋಡಿಕೊಳ್ಳುವ ಕೆಲಸ ಚಿಕ್ಕಪ್ಪನಿಗೆ ಬಂತು.

ಹಿಮವನ್ನೇ ಕಾಣದ ಊರಿನಲ್ಲಿ ವರ್ಷಕ್ಕೆರಡು ಬಾರಿ ಆ ಹಲಗೆಗಳಿಗೆ ದೇವರಿಗೆ ಮಾಡುವಂತೆ ಎಣ್ಣೆಮಜ್ಜನ! ಅಡಿಭಾಗ ಕೆರೆದು, ಮಗ ಬಿಟ್ಟುಹೋದ ಡಬ್ಬಿಯ ಕಪ್ಪು ಟಾರು ಬಳಿದು, ದೀಪದ ಉರಿ ತೋರಿಸಿ, ನೊರೆಯೆದ್ದ ಕೂಡಲೇ ಒರೆಸಬೇಕು. ಮೇಲ್ಭಾಗಕ್ಕೆ ಅಗಸೆ ಎಣ್ಣೆ. ಕೊನೆಗೆ ಎರಡನ್ನೂ ಅಡಿಗೆ ಅಡಿ ಜೋಡಿಸಿ, ತುದಿಗಳನ್ನು ಕಟ್ಟಿ, ಬಿಲ್ಲಿನಂತಿದ್ದ ಬಾಗು ಇಳಿಯದಂತೆ ನಡುವಿನ ಸಂದಿಗೆ ಮರದ ತುಂಡೊಂದನ್ನು ತುರುಕಬೇಕು. ಅದನ್ನು ಇಡುವವರೆಗೂ ಡಾಕ್ಟರಮ್ಮ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

"ಅಮ್ಮಾವ್ರೇ, ಸೊಟ್ಟಗಿರೋ ಹಲಗೆ ಕಾಯೋಕೆ ನನ್ನಂಥೋನು ಬೇಕಾ? ನೆಟ್ಟಗೆ ಮಾಡ್ಕೊಡ್ತೀನಿ," ಎಂದ ಚಿಕ್ಕಪ್ಪ ಒಮ್ಮೆ.

"ಬೇಡ ಕೊಂಡಪ್ಪ. ಆ ಬಾಗು ನನ್ನ ಮಗನ ತೂಕಕ್ಕೆ ಮಾಡಿದ್ದು. ಅವನು ಮೇಲೆ ನಿಂತ್ರೆ ತಾನೇ ನೆಟ್ಟಗಾಗುತ್ತೆ."

ಚಿಕ್ಕಪ್ಪ ತಲೆಯಾಡಿಸಿದ. ನಂಬಲಿಲ್ಲ.

೧೯೪೫ರಲ್ಲಿ ಡಾಕ್ಟರಮ್ಮ ಜ್ವರ ಬಂದು ತೀರಿಕೊಂಡರು. ಕೊನೆಯ ವಾರದಲ್ಲೂ ಚಿಕ್ಕಪ್ಪನನ್ನು ಕರೆಸಿ, ತುಂಡು ಜಾರಿಲ್ಲ ತಾನೇ ಎಂದು ಕೇಳಿದ್ದರು. ಮರುವರ್ಷ ಮಗ ಬರುತ್ತಾನೆಂದು ಕಾಗದ ಬಂತು. ಚಿಕ್ಕಪ್ಪನಿಗೆ ದಿಗಿಲು ಹತ್ತಿತು. ಇಂಥ ಸೊಟ್ಟ ಹಲಗೆ ಕೊಟ್ಟರೆ, ಬಡಗಿ ಬಿಸಿಲಿಗೆ ಬಿಟ್ಟು ಹಾಳುಮಾಡಿದ ಎನ್ನುವುದಿಲ್ಲವೇ? ಒದ್ದೆ ಗೋಣಿ ಸುತ್ತಿ, ಕೆಂಡದ ಮೇಲೆ ಕಾಯಿಸಿ, ಕಲ್ಲುಚಪ್ಪಡಿ ಹೇರಿ ಇಪ್ಪತ್ತು ದಿನ ಬಿಟ್ಟ. ಆಮೇಲೆ ಜೋಡಿಸಿ ಸೂರ್ಯನಿಗೆ ಹಿಡಿದರೆ, ಮುಂತುದಿಯಲ್ಲಿ ಮೇಲೆದ್ದ ಮೂತಿಗಳನ್ನು ಬಿಟ್ಟು ಎಲ್ಲೂ ಬೆಳಕಿಲ್ಲ.

ನಿಲ್ಸ್ ತಾಯಿಯ ಸಮಾಧಿ ನೋಡಿಕೊಂಡು ನೇರ ಚಿಕ್ಕಪ್ಪನ ಕೆಲಸದ ಚಪ್ಪರಕ್ಕೆ ಬಂದ. ಬಡಕಲಾಗಿದ್ದ. ಹಲಗೆಗಳನ್ನು ಜೋಡಿಸಿ, ಬಾಗಿರಬೇಕಾದ ನಡುಭಾಗದಲ್ಲಿ ಬೆರಳಾಡಿಸಿ ನೋಡಿದ. ನಮ್ಮೂರಲ್ಲೇ ಬೆಳೆದವನು, ಕನ್ನಡದಲ್ಲೇ ಕೇಳಿದ.

"ಇದನ್ನ ಯಾಕೆ ನೆಟ್ಟಗೆ ಮಾಡಿದ್ರಿ ಕೊಂಡಪ್ಪಣ್ಣ? ಅಮ್ಮ ಹೇಳಿರ್ಲಿಲ್ವಾ?"

ತಪ್ಪಾಯ್ತು ಅನ್ನುವುದು ಎಷ್ಟು ಹೊತ್ತಿನ ಕೆಲಸ? ಆದರೆ ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಅಡ್ಡ ಬಂತು.

"ಅಮ್ಮಾವ್ರೇ ಮಾಡು ಅಂದ್ರು ಬುದ್ಧಿ."

ನಿಲ್ಸ್ ಕಂಬಕ್ಕೆ ಒರಗಿದ. "ಸೆರೆಯಲ್ಲಿದ್ದಾಗ ಅಮ್ಮ ಕಾಯ್ತಿದಾಳೆ ಅಂತಲೇ ಜೀವ ಹಿಡ್ಕೊಂಡಿದ್ದೆ. ನನ್ನ ತೂಕಕ್ಕೆ ಮಾಡಿದ ಬಾಗನ್ನೇ ತೆಗೆಸಿದ್ಲು ಅಂದ್ರೆ, ಅವಳು ನನ್ನ ಆಸೆ ಬಿಟ್ಬಿಟ್ಟಿದ್ಲು."

ಬಿಟ್ಟಿರಲಿಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ಅದನ್ನು ಕಣ್ಣಾರೆ ಕಂಡವನು ಚಿಕ್ಕಪ್ಪ ಒಬ್ಬನೇ. ನಿಲ್ಸ್ ಸ್ಕೀಗಳನ್ನು ಅಲ್ಲೇ ಬಿಟ್ಟು, ರಸ್ತೆಯ ಆಚೆ ನಿಂತಿದ್ದ ಬೆಂಗಳೂರಿನ ಬಸ್ಸು ಹತ್ತಿ ಕೂತ. ಬಸ್ಸು ಹೊರಡುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಆ ಅರ್ಧ ಗಂಟೆಯೂ ಚಿಕ್ಕಪ್ಪ ಚಪ್ಪರದಲ್ಲಿ ನಿಂತು ಅವನನ್ನೇ ನೋಡುತ್ತಿದ್ದ. ರಸ್ತೆ ದಾಟಲಿಲ್ಲ.